ರೇಡಿಯೋ ಗೊರಗೊರ ಅನ್ನುತ್ತಿದೆಯೇ? ಕರೆಂಟ್ ತಂತಿಯಲ್ಲಿ ಹರಿಯುವ ಗದ್ದಲದ ಮೂಲ ಹಿಡಿಯುವ ಬಗೆ

ಸೊಲ್ಲಾಪುರ: ಸಂಜೆ ಮನೆಯ ದೀಪ ಹಚ್ಚಿದ ಕೂಡಲೇ ರೇಡಿಯೋ ಗೊರಗೊರ ಅನ್ನತೊಡಗುತ್ತದೆ. ಮೊಬೈಲ್ ಚಾರ್ಜಿಗೆ ಹಾಕಿದರೆ ಸಿಳ್ಳೆ ಕೇಳಿಸುತ್ತದೆ. ಪಕ್ಕದ ಹೊಲದ ಸೋಲಾರ್ ಪಂಪ್ ಚಾಲೂ ಆದರೆ ಸ್ಟೇಷನ್ನೇ ಮುಚ್ಚಿಹೋಗುತ್ತದೆ. ಅಕ್ಕಲಕೋಟ ತಾಲೂಕಿನ ಗಡಿ ಹಳ್ಳಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ, ಹವಾ ಸರಿಯಿಲ್ಲ ಎಂಬುದು. ಆದರೆ ಬಹಳ ಸಲ ತಪ್ಪು ಹವೆಯದಲ್ಲ. ಮನೆಯಲ್ಲೋ, ನೆರೆಮನೆಯಲ್ಲೋ, ಒಂದೇ ಡಿಪಿಯ ಮೇಲಿರುವ ಇನ್ನಾವುದೋ ಕಟ್ಟಡದಲ್ಲೋ ಇರುವ ಒಂದು ಉಪಕರಣ ಕರೆಂಟ್ ತಂತಿಯೊಳಕ್ಕೆ ಗದ್ದಲ ಬಿಡುತ್ತಿರುತ್ತದೆ. ಆ ಉಪಕರಣ ಯಾವುದೆಂದು ಒಂದು ಸೆಲ್ ರೇಡಿಯೋ ಮತ್ತು ಸ್ವಲ್ಪ ತಾಳ್ಮೆಯಿಂದ ಹಿಡಿಯಬಹುದು. ವಿವರ ಹೀಗಿದೆ.

ಏನಿದು ಗದ್ದಲ?

ಮನೆಗೆ ಬರುವ ಕರೆಂಟ್ 230 ವೋಲ್ಟಿನದು, ಸೆಕೆಂಡಿಗೆ 50 ಆವರ್ತನೆಯದು. ಹಳೆಯ 60 ವ್ಯಾಟಿನ ತಂತಿ ಬಲ್ಬು ಅದನ್ನು ಹಾಗೆಯೇ ಉಂಡು ಬೆಳಕು ಕೊಡುತ್ತಿತ್ತು, ಸದ್ದು ಮಾಡುತ್ತಿರಲಿಲ್ಲ. ಇಂದಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ, ಸೆಟ್‌ಟಾಪ್ ಬಾಕ್ಸ್, ಲ್ಯಾಪ್‌ಟಾಪ್ ಅಡಾಪ್ಟರ್, ಇನ್ವರ್ಟರ್ ಹಾಗಲ್ಲ. ಇವು ಬಂದ ಕರೆಂಟನ್ನು ಮೊದಲು ಸುಮಾರು 325 ವೋಲ್ಟಿನ ಡಿಸಿಯಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ತಮಗೆ ಬೇಕಾದ ಚಿಕ್ಕ ವೋಲ್ಟೇಜಿಗೆ ಇಳಿಸಿಕೊಳ್ಳುತ್ತವೆ. ಹೀಗೆ ಮಾಡುವುದರಿಂದ ಉಪಕರಣ ಹಗುರವಾಗುತ್ತದೆ, ಅಗ್ಗವಾಗುತ್ತದೆ, ಕರೆಂಟೂ ಉಳಿಯುತ್ತದೆ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಆರಂಭಿಸಿದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿಕೆಯಾದದ್ದು ಈ ಉಳಿತಾಯಕ್ಕಾಗಿಯೇ.

ಆದರೆ ಹೀಗೆ ಕತ್ತರಿಸುವ ಕೆಲಸಕ್ಕೆ ಒಂದು ದೋಷವಿದೆ. ಕತ್ತರಿಸಿದ ಪ್ರತಿ ಏಟಿಗೂ ಒಂದಿಷ್ಟು ಚೂಪಾದ ಕಂಪನ ಹುಟ್ಟಿ, ಬಂದ ತಂತಿಯಲ್ಲೇ ಹಿಂದಕ್ಕೆ ಹೊರಡುತ್ತದೆ. ಇದಕ್ಕೆ ತಂತ್ರಜ್ಞರು ‘ಕಂಡಕ್ಟೆಡ್ ಎಮಿಷನ್’ ಅನ್ನುತ್ತಾರೆ. ಸರಳವಾಗಿ ಹೇಳುವುದಾದರೆ ತಂತಿಗುಂಟ ಹೋಗುವ ವಿದ್ಯುತ್ ಗದ್ದಲ. ಒಳ್ಳೆಯ ಉಪಕರಣದಲ್ಲಿ ಇದನ್ನು ಬಾಗಿಲಲ್ಲೇ ತಡೆಯುವ ಫಿಲ್ಟರ್ ಇರುತ್ತದೆ. ಅಗ್ಗದ ಮಾಲಿನಲ್ಲಿ ಕೆಲವು ರೂಪಾಯಿ ಉಳಿಸಲು ಫಿಲ್ಟರನ್ನೇ ಬಿಟ್ಟಿರುವುದುಂಟು.

ದೂರದ ಸ್ಟೇಷನ್‌ಗೇ ಮೊದಲ ಪೆಟ್ಟು

ಗಡಿ ಭಾಗದ ಮನೆಗಳಿಗೆ ಕನ್ನಡ ಕೇಳಿಸಿದ್ದು ಬಹುಕಾಲ ಮೀಡಿಯಂ ವೇವ್‌ನಲ್ಲಿ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು, ಕಲಬುರಗಿ ಕೇಂದ್ರ 1966ರಲ್ಲಿ ಬಂತು. ಧಾರವಾಡ 765 ಕಿಲೋಹರ್ಟ್ಸ್, ಕಲಬುರಗಿ 1107 ಕಿಲೋಹರ್ಟ್ಸ್ ಎಂಬುದು ಇಲ್ಲಿನ ಹಳೆಯ ಕೇಳುಗರಿಗೆ ಬಾಯಿಪಾಠ. ತಂತಿಯ ಗದ್ದಲ ಅತಿ ಜೋರಾಗಿರುವುದೂ ಇದೇ ಪಟ್ಟಿಯಲ್ಲಿ. ಸೊಲ್ಲಾಪುರದ ಎಫ್‌ಎಂ ಹತ್ತಿರದ್ದು, ಅದರ ಪದ್ಧತಿಯೂ ಬೇರೆ. ಆದ್ದರಿಂದ ಅದಕ್ಕೆ ಈ ಗದ್ದಲ ಅಷ್ಟಾಗಿ ತಟ್ಟುವುದಿಲ್ಲ. ದೂರದಿಂದ ಸಣ್ಣಗೆ ಬರುವ ಸ್ಟೇಷನ್ ಮೊದಲು ಮುಳುಗುತ್ತದೆ. ಹೀಗಾಗಿ ಮನೆಯೊಳಗಿನ ಒಂದು ಕೆಟ್ಟ ಚಾರ್ಜರ್ ಮರಾಠಿ ಸ್ಟೇಷನ್ ಬಿಟ್ಟು ಕನ್ನಡ ಸ್ಟೇಷನ್ನನ್ನಷ್ಟೇ ಅಳಿಸಿಹಾಕಿದರೆ ಆಶ್ಚರ್ಯವಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಅನೇಕ ಚಾರ್ಜರ್‌ಗಳು ಸೆಕೆಂಡಿಗೆ ಸುಮಾರು 65 ಸಾವಿರ ಸಲ, ಅಂದರೆ 65 ಕಿಲೋಹರ್ಟ್ಸ್‌ನಲ್ಲಿ ಕರೆಂಟ್ ಕತ್ತರಿಸುತ್ತವೆ. ಅದರ ಗದ್ದಲ 65ರ ಮಗ್ಗಿಯಂತೆ 130, 195, 260 ಎಂದು ಏರುತ್ತಾ ಹೋಗುತ್ತದೆ. 65ನ್ನು 17ರಿಂದ ಗುಣಿಸಿದರೆ 1105. ಇದು ಕಲಬುರಗಿಯ 1107ರಿಂದ ಕೇವಲ 2 ಕಿಲೋಹರ್ಟ್ಸ್ ದೂರ. ಈ ಎರಡರ ಅಂತರವೇ ರೇಡಿಯೋದಲ್ಲಿ 2 ಕಿಲೋಹರ್ಟ್ಸ್‌ನ ಸಿಳ್ಳೆಯಾಗಿ ಕೇಳಿಸುತ್ತದೆ. ಚಾರ್ಜರ್ ಬಿಸಿಯಾದಂತೆ ಅದರ ಗತಿ ತುಸು ಜಾರುವುದರಿಂದ ಸಿಳ್ಳೆಯೂ ಏರಿಳಿಯುತ್ತದೆ.

65 ಎಂಬ ಸಂಖ್ಯೆಯ ಹಿಂದೆಯೂ ಒಂದು ಕಾರಣವಿದೆ. ಬಹುತೇಕ ಉಪಕರಣಗಳಿಗೆ ಗದ್ದಲದ ಮಿತಿ ಲೆಕ್ಕಕ್ಕೆ ಬರುವುದು 150 ಕಿಲೋಹರ್ಟ್ಸ್‌ನಿಂದ ಮೇಲೆ. 65 ಮತ್ತು ಅದರ ಎರಡರಷ್ಟಾದ 130, ಎರಡೂ ಆ ಗೆರೆಯ ಕೆಳಗೇ ಉಳಿಯುತ್ತವೆ. ಅತಿ ಜೋರಾದ ಮೊದಲ ಎರಡು ಏಟುಗಳು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತವೆ.

ತಂತಿಯೇ ಏರಿಯಲ್

ಗಾಳಿಯಲ್ಲಿ ಹರಡುವ ಗದ್ದಲ ಬೇರೆ, ತಂತಿಯಲ್ಲಿ ಹರಿಯುವುದು ಬೇರೆ. 1 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯ ಉದ್ದ 300 ಮೀಟರ್. ಅಂಗೈಯಗಲದ ಚಾರ್ಜರ್ ಅಷ್ಟು ದೊಡ್ಡ ಅಲೆಯನ್ನು ತಾನಾಗಿ ಗಾಳಿಗೆ ಎಸೆಯಲಾರದು. ಆದರೆ ಅದಕ್ಕೆ ಜೋಡಿಸಿದ ಮನೆಯ ವೈರಿಂಗ್, ಕಂಬದಿಂದ ಬಂದ ಸರ್ವೀಸ್ ವೈರ್ ಹತ್ತಾರು ಮೀಟರ್ ಉದ್ದ ಇರುತ್ತವೆ. ಗದ್ದಲ ಮೊದಲು ತಂತಿಯಲ್ಲಿ ಹೋಗಿ, ಅಲ್ಲಿಂದ ಏರಿಯಲ್‌ನಂತೆ ಹೊರಬೀಳುತ್ತದೆ. ಅದಕ್ಕಾಗಿಯೇ 30 ಮೆಗಾಹರ್ಟ್ಸ್‌ವರೆಗಿನ ಗದ್ದಲವನ್ನು ತಂತಿಯಲ್ಲೂ, ಅದರ ಮೇಲಿನದನ್ನು ಗಾಳಿಯಲ್ಲೂ ಅಳೆಯುವ ರೂಢಿಯಿದೆ.

ತಂತಿಯ ಗದ್ದಲದಲ್ಲೂ ಎರಡು ಬಗೆ. ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದು ಮೊದಲನೆಯದು, ಇದಕ್ಕೆ ಡಿಫರೆನ್ಷಿಯಲ್ ಮೋಡ್ ಎಂದು ಹೆಸರು. ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿಗೆ ಹೋಗಿ ಅರ್ಥಿಂಗ್ ಅಥವಾ ನೆಲದ ದಾರಿಯಿಂದ ಮರಳುವುದು ಎರಡನೆಯದು, ಇದು ಕಾಮನ್ ಮೋಡ್. ಕಾಲುವೆಯಲ್ಲಿ ಹೋದ ನೀರು ಕಾಲುವೆಯಲ್ಲೇ ಮರಳುವುದಕ್ಕೂ, ಬದುವಿನಡಿ ಬಸಿದು ನೆಲದೊಳಗಿಂದ ಮರಳುವುದಕ್ಕೂ ಇರುವ ವ್ಯತ್ಯಾಸದಂತೆ ಇದು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಹತ್ತುವುದಿಲ್ಲ. ಆದ್ದರಿಂದ ಯಾವ ಬಗೆ ಎಂದು ತಿಳಿಯುವುದು ಮುಖ್ಯ.

ಸದ್ದು ಕೇಳಿ ಗುರುತು ಹಿಡಿಯುವುದು

ಅನುಭವಿ ಮೆಕ್ಯಾನಿಕ್ ಗಾಡಿಯ ಸದ್ದಿನಿಂದಲೇ ರೋಗ ಹೇಳುವಂತೆ, ರೇಡಿಯೋದ ಗೊರಗೊರದಿಂದ ಮೂಲ ಊಹಿಸಬಹುದು.

* ಒಂದೇ ಸಮನೆ ಗುಂಯ್ ಎಂಬ ಒರಟು ಸದ್ದು: ಸೆಕೆಂಡಿಗೆ 100 ಸಲದ ಗತಿ. ಎಲ್‌ಇಡಿ ಬಲ್ಬು, ಬೆಳಕು ತಗ್ಗಿಸುವ ಡಿಮ್ಮರ್, ಕೆಲವು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್.
* ಮುಳ್ಳು ಸರಿಸಿದಂತೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಸಿಗುವ ಸಿಳ್ಳೆ: ಚಾರ್ಜರ್, ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್.
* ಮೋಟರಿನ ವೇಗದೊಡನೆ ಏರಿಳಿಯುವ ಕರಕರ: ಮಿಕ್ಸರ್, ಡ್ರಿಲ್ ಮುಂತಾದ ಕಾರ್ಬನ್ ಬ್ರಷ್ ಇರುವ ಯಂತ್ರ.
* ಸುಮಾರು ಸೆಕೆಂಡಿಗೊಮ್ಮೆ ಟಕ್ ಟಕ್: ಹಂದಿ ಕಾಯಲು ಹೊಲದ ಬೇಲಿಗೆ ಹಾಕಿದ ಝಟಕಾ ಮಷೀನ್.
* ಗತಿಯಿಲ್ಲದ ಚಟಚಟ: ಸಡಿಲ ಹೋಲ್ಡರ್, ಸುಟ್ಟ ಸ್ವಿಚ್, ಕಂಬದ ಮೇಲಿನ ಸಡಿಲ ಜೋಡಣೆ.

ಹೊತ್ತು ಕೂಡ ಸುಳಿವು ಕೊಡುತ್ತದೆ. ಬಿಸಿಲಿದ್ದಾಗ ಮಾತ್ರ ಕೇಳಿಸುವುದು ಸೋಲಾರ್ ಪಂಪಿನದೋ ಛಾವಣಿಯ ಸೋಲಾರ್ ಇನ್ವರ್ಟರಿನದೋ ಇರಬಹುದು. ಕತ್ತಲಾದ ಮೇಲೆ ಶುರುವಾಗಿ ಬೆಳಗಿಗೆ ನಿಲ್ಲುವುದು ಬೀದಿ ದೀಪದ್ದಿರಬಹುದು. ಹೊಲದ ಫೀಡರಿಗೆ ಮೂರು ಫೇಸ್ ಕರೆಂಟ್ ಬಂದ ಹೊತ್ತಿಗೇ ಶುರುವಾದರೆ ಬೋರ್ ಮೋಟರಿನ ಸ್ಟಾರ್ಟರ್ ಕಡೆ ನೋಡಬೇಕು. ಸೊಲ್ಲಾಪುರದ ಸಾದಾ ಮಗ್ಗಗಳನ್ನು ತಿರುಗಿಸುವ ಇಂಡಕ್ಷನ್ ಮೋಟರಿಗೆ ಬ್ರಷ್ ಇಲ್ಲ. ಹಾಗಾಗಿ ಅದು ಓಡುವಾಗ ಗದ್ದಲ ಕಡಿಮೆ, ಚಾಲೂ ಮತ್ತು ಬಂದ್ ಮಾಡುವಾಗ ಮಾತ್ರ ಒಂದು ಚಟ್ ಎನ್ನುತ್ತದೆ. ಆದರೆ ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಕೂಡಿಸಿದ ಮಗ್ಗದ ಮಾತು ಬೇರೆ.

ಮನೆಯಲ್ಲೇ ಪತ್ತೆ: ಏಳು ಹೆಜ್ಜೆ

1. ಸೆಲ್ ಹಾಕಿದ ರೇಡಿಯೋ ತೆಗೆದುಕೊಳ್ಳಿ. ಕರೆಂಟಿಗೆ ಜೋಡಿಸಿದ ರೇಡಿಯೋ ಈ ಕೆಲಸಕ್ಕೆ ಬರುವುದಿಲ್ಲ. ಮೀಡಿಯಂ ವೇವ್‌ಗೆ ಇಟ್ಟು, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತನ್ನಿ. ಗದ್ದಲ ಸ್ಪಷ್ಟವಾಗಿ ಕೇಳಿಸುತ್ತದೆ.

2. ಮನೆಯ ಮೇನ್ ಸ್ವಿಚ್ ಬಂದ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡಬೇಕು, ಇಲ್ಲದಿದ್ದರೆ ಅದೇ ಗದ್ದಲ ಮಾಡುತ್ತಾ ದಾರಿ ತಪ್ಪಿಸುತ್ತದೆ. ಗದ್ದಲ ನಿಂತರೆ ಮೂಲ ಮನೆಯೊಳಗೆ. ನಿಲ್ಲದಿದ್ದರೆ ಹೊರಗೆ.

3. ಮೂಲ ಒಳಗಿದ್ದರೆ ಒಂದೊಂದೇ ಎಂಸಿಬಿ ಅಥವಾ ಫ್ಯೂಜ್ ಭಾಗವನ್ನು ಚಾಲೂ ಮಾಡುತ್ತಾ ಯಾವ ಭಾಗದಲ್ಲಿ ಗದ್ದಲ ಮರಳುತ್ತದೆ ನೋಡಿ. ಬಳಿಕ ಆ ಭಾಗದ ಒಂದೊಂದೇ ಪ್ಲಗ್ ಕೀಳಿ. ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ತಪ್ಪಾಗಿ ವೈರಿಂಗ್ ಮಾಡಿದ ಮನೆಯಲ್ಲಿ ಸ್ವಿಚ್ ನ್ಯೂಟ್ರಲ್ ತಂತಿಯ ಮೇಲಿರುವುದುಂಟು.

4. ಸಂಶಯ ಬಂದ ಉಪಕರಣವನ್ನು ಕನಿಷ್ಠ ಮೂರು ಸಲ ಹಾಕಿ ತೆಗೆದು ನೋಡಿ. ಮೂರು ಸಲವೂ ಗದ್ದಲ ಅದರೊಡನೆ ಬಂದು ಹೋದರೆ ಮಾತ್ರ ಅದೇ ಎನ್ನಬೇಕು. ಒಂದು ಸಲ ಆದದ್ದು ಆಕಸ್ಮಿಕವಿರಬಹುದು.

5. ಒಂದು ಸಿಕ್ಕ ಮೇಲೆ ನಿಲ್ಲಬೇಡಿ. ಜೋರಾದ ಗದ್ದಲದ ಕೆಳಗೆ ಸಣ್ಣದೊಂದು ಅಡಗಿರುತ್ತದೆ. ಮೊದಲನೆಯದನ್ನು ಕಿತ್ತಿಟ್ಟು ಮತ್ತೆ ಕೇಳಿ.

6. ಲ್ಯಾಪ್‌ಟಾಪ್, ಎಮರ್ಜೆನ್ಸಿ ಲೈಟ್‌ನಂಥ ಬ್ಯಾಟರಿ ಇರುವ ವಸ್ತುವಾದರೆ ಪ್ಲಗ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಗದ್ದಲ ನಿಂತರೆ ತಪ್ಪು ವಸ್ತುವಿನದಲ್ಲ, ಅದರ ಚಾರ್ಜರಿನದು.

7. ರೇಡಿಯೋ ಹಿಡಿದು ಉಪಕರಣದಿಂದ ದೂರ ನಡೆಯಿರಿ. ಕೆಲವು ಅಡಿಯಲ್ಲೇ ಗದ್ದಲ ಇಳಿದು, ದೂರದ ಇನ್ನೊಂದು ಕೋಣೆಯ ವೈರಿಂಗ್ ಅಥವಾ ಹೊರಗಿನ ಸರ್ವೀಸ್ ವೈರ್ ಬಳಿ ಮತ್ತೆ ಏರಿದರೆ, ಅದು ತಂತಿಯಲ್ಲೇ ಪಯಣಿಸುತ್ತಿದೆ ಎಂದರ್ಥ.

ಲೋಡ್‌ಶೆಡ್ಡಿಂಗ್ ಕೂಡ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಡೀ ಊರಿನ ಕರೆಂಟ್ ಹೋದಾಗ ರೇಡಿಯೋ ತಿಳಿಯಾದರೆ ಗದ್ದಲ ಊರಿನ ಲೈನಿನದೇ. ಕರೆಂಟ್ ಹೋದರೂ ಹಾಗೆಯೇ ಇದ್ದರೆ ಯಾರದೋ ಇನ್ವರ್ಟರ್, ಸೋಲಾರ್ ಅಥವಾ ಝಟಕಾ ಮಷೀನ್ ಕಡೆ ಸಂಶಯ ಹೋಗಬೇಕು. ನಿಮ್ಮ ಡಿಪಿಯದು (ಕರ್ನಾಟಕದ ಕಡೆಯವರ ಮಾತಿನಲ್ಲಿ ಟಿ.ಸಿ.) ಮಾತ್ರ ಬಂದ್ ಆದಾಗ ನಿಂತರೆ ಹುಡುಕುವ ಜಾಗ ಇನ್ನೂ ಕಿರಿದಾಗುತ್ತದೆ.

ಹೊರಗಿನ ಮೂಲದ ದಿಕ್ಕು ತಿಳಿಯಲು ರೇಡಿಯೋವನ್ನೇ ತಿರುಗಿಸಬಹುದು. ಮೀಡಿಯಂ ವೇವ್ ರೇಡಿಯೋದೊಳಗೆ ಅಡ್ಡಲಾಗಿ ಒಂದು ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಕಡ್ಡಿಯ ತುದಿ ಮೂಲದ ಕಡೆ ನೆಟ್ಟಾಗ ಸದ್ದು ಅತಿ ಕಡಿಮೆಯಾಗುತ್ತದೆ. ಎರಡು ಬೇರೆ ಜಾಗಗಳಿಂದ ಹೀಗೆ ಗೆರೆ ಎಳೆದರೆ ಅವು ಕೂಡುವ ಕಡೆ ಮೂಲವಿರುತ್ತದೆ. ತಂತಿಗಳ ತೀರ ಹತ್ತಿರ ಈ ಉಪಾಯ ಫಲಿಸದು, ಬಯಲಿನಲ್ಲಿ ನಿಂತು ಮಾಡಬೇಕು.

ಕಂಬದ್ದೋ, ಟವರಿನದೋ?

ಕಂಬದ ಮೇಲಿನ ಸಡಿಲ ಕ್ಲಾಂಪ್, ಬಿರುಕುಬಿಟ್ಟ ಚೀನೀಮಣ್ಣಿನ ಇನ್ಸುಲೇಟರ್‌ನಲ್ಲಿ ಸಣ್ಣ ಕಿಡಿ ಹಾರುತ್ತಿದ್ದರೆ ಚಟಚಟ ಸದ್ದು ಬರುತ್ತದೆ. ಇದಕ್ಕೆ ಮಳೆಯೇ ಪರೀಕ್ಷೆ. ಲೋಹದ ಸಡಿಲ ಸಂದಿನ ಕಿಡಿ ಒಣಹವೆಯಲ್ಲಿ ಜೋರಾಗಿ, ಮಳೆ ಬಂದು ಸಂದು ಒದ್ದೆಯಾದರೆ ನಿಲ್ಲುವುದು ಸಾಮಾನ್ಯ. ಭಾರಿ ವೋಲ್ಟೇಜಿನ ಲೈನಿನ ಕರೋನಾ ಎಂಬ ಸೋರಿಕೆ ಇದಕ್ಕೆ ವಿರುದ್ಧ, ಅದು ಮಳೆ-ಮಂಜಿನಲ್ಲಿ ಹೆಚ್ಚುತ್ತದೆ. ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್ಡಿಗೆ ಜೋಡಿಸಿದ ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ 2013ರ ಡಿಸೆಂಬರ್ 31ರಂದು ಚಾಲೂ ಆಯಿತು. ಇಂಥ ಲೈನಿನ ತೀರ ಕೆಳಗೆ ಮಳೆಯಲ್ಲಿ ಕೇಳುವ ಸರಸರ ಲೈನಿನ ಸ್ವಭಾವವೇ ಹೊರತು ನಿಮ್ಮ ಮನೆಯ ದೋಷವಲ್ಲ. ಲೈನಿನಿಂದ ದೂರ ಹೋದಂತೆ ಅದು ಇಳಿಯುತ್ತದೆ.

ಕಂಬದ ಮೇಲೆ ಸಂಶಯ ಬಂದರೆ ಕಂಬ ಹತ್ತುವುದು, ಕೋಲಿನಿಂದ ಬಡಿಯುವುದು, ತಂತಿ ಎಳೆಯುವುದು ಪ್ರಾಣಕ್ಕೆ ಕುತ್ತು. ಕಂಬದ ನಂಬರ್, ಸದ್ದು ಬರುವ ಹೊತ್ತು, ಮಳೆಯಲ್ಲಿ ಏನಾಗುತ್ತದೆ ಎಂಬುದನ್ನು ಬರೆದುಕೊಂಡು ಮಹಾವಿತರಣದ ಲೈನ್‌ಮನ್‌ಗೆ ಕೊಡಬೇಕು, ಅಥವಾ 1912ಕ್ಕೆ ದೂರು ಕೊಡಬೇಕು. ಸಡಿಲ ಕ್ಲಾಂಪ್ ಇಂದು ರೇಡಿಯೋ ಕೆಡಿಸಿದರೆ ನಾಳೆ ತಂತಿ ಹರಿದು ಬೀಳಲೂ ಕಾರಣವಾದೀತು.

ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ?

ರೇಡಿಯೋ ಕೇಳುಗರ ದೂರಿನಿಂದಲೇ ಈ ಶಾಸ್ತ್ರ ಬೆಳೆಯಿತು. ಗದ್ದಲದ ಮಿತಿಗಳನ್ನು ಎಲ್ಲ ದೇಶಗಳಿಗೂ ಹೊಂದುವಂತೆ ಗೊತ್ತುಪಡಿಸಲು 1934ರಲ್ಲಿ ಸಿಸ್ಪರ್ ಎಂಬ ಅಂತಾರಾಷ್ಟ್ರೀಯ ಸಮಿತಿ ಕೆಲಸ ಶುರುಮಾಡಿತು. ಇಂದಿಗೂ ದೀಪಗಳಿಗೆ ಸಿಸ್ಪರ್ 15, ಮಿಕ್ಸರ್-ಫ್ಯಾನ್‌ನಂಥ ಗೃಹೋಪಕರಣಕ್ಕೆ ಸಿಸ್ಪರ್ 14, ಟಿವಿ-ಕಂಪ್ಯೂಟರ್‌ಗೆ ಸಿಸ್ಪರ್ 32 ಎಂಬ ನಿಯಮಗಳೇ ಬುನಾದಿ.

ಅಳೆಯುವಾಗ ಉಪಕರಣವನ್ನು ನೇರ ಕರೆಂಟಿಗೆ ಜೋಡಿಸುವುದಿಲ್ಲ. ನಡುವೆ ಲಿಸನ್ ಎಂಬ ಪೆಟ್ಟಿಗೆ ಇಡುತ್ತಾರೆ. ಹೊರಗಿನ ಲೈನಿನ ಗದ್ದಲ ಒಳಬರದಂತೆ ಅದು ತಡೆಯುತ್ತದೆ, ಉಪಕರಣದ ಗದ್ದಲವನ್ನು ಮಾತ್ರ ಅಳತೆಯ ಯಂತ್ರಕ್ಕೆ ಕೊಡುತ್ತದೆ. ಸೊಲ್ಲಾಪುರದಲ್ಲಿ ಅಳೆದರೂ ಚೆನ್ನೈಯಲ್ಲಿ ಅಳೆದರೂ ಉತ್ತರ ಒಂದೇ ಬರಲೆಂದು ಈ ಏರ್ಪಾಡು. ಮನೆಬಳಕೆಯ ವಸ್ತುವಿಗೆ 150 ಕಿಲೋಹರ್ಟ್ಸ್‌ನಲ್ಲಿ ಮಿತಿ 66 ಡೆಸಿಬೆಲ್ ಮೈಕ್ರೋವೋಲ್ಟ್, ಅಂದರೆ ಸುಮಾರು 2 ಮಿಲಿವೋಲ್ಟ್. 500 ಕಿಲೋಹರ್ಟ್ಸ್‌ಗೆ ಬರುವಷ್ಟರಲ್ಲಿ ಅದು 56ಕ್ಕೆ ಇಳಿದು, 5 ಮೆಗಾಹರ್ಟ್ಸ್‌ವರೆಗೆ ಹಾಗೆಯೇ ಇರುತ್ತದೆ. ಇದು ಸುಮಾರು 0.63 ಮಿಲಿವೋಲ್ಟ್. ಅಲ್ಲಿಂದ 30 ಮೆಗಾಹರ್ಟ್ಸ್‌ವರೆಗೆ 60, ಅಂದರೆ 1 ಮಿಲಿವೋಲ್ಟ್. ಮೀಡಿಯಂ ವೇವ್ ಪಟ್ಟಿಗೇ ಅತಿ ಬಿಗಿ ಮಿತಿ ಎಂಬುದು ಗಮನಾರ್ಹ. 230 ವೋಲ್ಟ್ ಹರಿಯುವ ತಂತಿಯಲ್ಲಿ ಒಂದು ಮಿಲಿವೋಲ್ಟಿಗೂ ಕಡಿಮೆ ಗದ್ದಲ ಇರಬೇಕೆಂದರೆ ಕೆಲಸ ಎಷ್ಟು ನಾಜೂಕಿನದೆಂದು ತಿಳಿಯುತ್ತದೆ.

ರೋಗ ಹುಡುಕುವ ಕ್ರಮ ಅಲ್ಲೂ ಮನೆಯದೇ. ಮೊದಲು ಉಪಕರಣ ಬಂದ್ ಇಟ್ಟು ಅಳೆದು, ಸುತ್ತಲಿನ ಗದ್ದಲ ಎಷ್ಟಿದೆ ಎಂದು ಬರೆದುಕೊಳ್ಳುತ್ತಾರೆ. ಬಳಿಕ ಚಾಲೂ ಮಾಡಿ ನೋಡುತ್ತಾರೆ. ಪರದೆಯ ಮೇಲೆ ಏಳುವ ಮೊನೆಗಳ ನಡುವಿನ ಅಂತರ 65 ಕಿಲೋಹರ್ಟ್ಸ್ ಆಗಿದ್ದರೆ ಆ ಗತಿಯಲ್ಲಿ ಕತ್ತರಿಸುವ ಭಾಗವೇ ಕಳ್ಳ. ಫೇಸ್ ಮತ್ತು ನ್ಯೂಟ್ರಲ್ ಎರಡರ ಗದ್ದಲವನ್ನು ಕೂಡಿಸಿ, ಕಳೆದು ನೋಡಿದರೆ ಬಗೆ ತಿಳಿಯುತ್ತದೆ. ಕೂಡಿಸಿದಾಗ ಉಳಿಯುವುದು ಕಾಮನ್ ಮೋಡ್, ಕಳೆದಾಗ ಉಳಿಯುವುದು ಡಿಫರೆನ್ಷಿಯಲ್ ಮೋಡ್. ಸ್ಥೂಲವಾಗಿ 1 ಮೆಗಾಹರ್ಟ್ಸ್‌ನ ಕೆಳಗೆ ಎರಡನೆಯದು, ಮೇಲೆ ಮೊದಲನೆಯದು ಹೆಚ್ಚು ಎಂಬ ಅಂದಾಜಿನಿಂದ ಹೊರಡುತ್ತಾರೆ. ಕೇಂದ್ರ ಸರ್ಕಾರದ ಸಮೀರ್ ಸಂಸ್ಥೆ ಇಂಥ ಪರೀಕ್ಷೆಗೆ ದೇಶದಲ್ಲಿ ಹೆಸರಾದದ್ದು.

ರಿಪೇರಿಯವರು ನೋಡಬೇಕಾದ್ದು

ಸಣ್ಣ ಅಂಗಡಿಯಲ್ಲೂ ಬಗೆ ತಿಳಿಯಲು ಒಂದು ಉಪಾಯವಿದೆ. ಉಪಕರಣದ ವೈರನ್ನು, ಎರಡೂ ಎಳೆ ಕೂಡಿಯೇ, ಒಂದು ಫೆರೈಟ್ ಉಂಗುರದೊಳಗೆ ನಾಲ್ಕೈದು ಸುತ್ತು ಸುತ್ತಬೇಕು. ಗದ್ದಲ ಇಳಿದರೆ ಅದು ಕಾಮನ್ ಮೋಡ್. ಇಳಿಯದಿದ್ದರೆ ಬಹುಶಃ ಡಿಫರೆನ್ಷಿಯಲ್, ಯಾಕೆಂದರೆ ಹೋಗುವ ಮತ್ತು ಬರುವ ಎಳೆಗಳ ಪ್ರಭಾವ ಉಂಗುರದೊಳಗೆ ಒಂದನ್ನೊಂದು ಕೊಂದುಕೊಳ್ಳುತ್ತದೆ. ಒಂದೇ ಸುತ್ತು ಮೀಡಿಯಂ ವೇವ್‌ಗೆ ಸಾಲದು. ಸುತ್ತು ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ.

ಫಿಲ್ಟರಿನಲ್ಲಿ ಇರುವುದು ಮುಖ್ಯವಾಗಿ ಮೂರು. ಫೇಸ್-ನ್ಯೂಟ್ರಲ್ ನಡುವಿನ ಎಕ್ಸ್ ಕೆಪಾಸಿಟರ್ ಡಿಫರೆನ್ಷಿಯಲ್ ಗದ್ದಲ ತಡೆಯುತ್ತದೆ. ಎರಡು ಸುರುಳಿಯ ಚೋಕ್ ಮತ್ತು ಅರ್ಥಿಂಗಿಗೆ ಹೋಗುವ ವೈ ಕೆಪಾಸಿಟರ್ ಕಾಮನ್ ಮೋಡ್ ಗದ್ದಲ ತಡೆಯುತ್ತವೆ. ಚೋಕ್ ಸುಟ್ಟಾಗ ಅದರ ಜಾಗದಲ್ಲಿ ಬರಿ ವೈರ್ ಹಾಕಿದರೆ ಟಿವಿ ಚಾಲೂ ಆಗುತ್ತದೆ ನಿಜ. ಆದರೆ ಅಂದಿನಿಂದ ಅದು ಇಡೀ ಓಣಿಯ ರೇಡಿಯೋ ಕೆಡಿಸುತ್ತದೆ. ಎಕ್ಸ್ ಮತ್ತು ವೈ ಎಂಬ ಗುರುತಿನ ಸುರಕ್ಷಿತ ಕೆಪಾಸಿಟರ್ ಬದಲು ಸಾದಾ ಕೆಪಾಸಿಟರ್ ಹಾಕಲೇಬಾರದು. ಎಕ್ಸ್ ಜಾಗದಲ್ಲಿ ಅದು ಶಾರ್ಟ್ ಆದರೆ ಬೆಂಕಿ, ವೈ ಜಾಗದಲ್ಲಿ ಶಾರ್ಟ್ ಆದರೆ ಉಪಕರಣದ ಮೈಗೆ ಕರೆಂಟ್.

ಮೊದಲು ಸುಮ್ಮನಿದ್ದ ಚಾರ್ಜರ್ ಎರಡು ವರ್ಷದ ಮೇಲೆ ಗದ್ದಲ ಶುರುಮಾಡುವುದಕ್ಕೂ ಕಾರಣವಿದೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಿಸಿಗೆ ಒಣಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಲೆಕ್ಕ. 40 ಡಿಗ್ರಿ ದಾಟುವ ಸೊಲ್ಲಾಪುರದ ಬೇಸಿಗೆಯಲ್ಲಿ ಪತ್ರಾಸಿನ ಮನೆಯಲ್ಲಿಟ್ಟ ಅಡಾಪ್ಟರಿಗೆ ಇದು ಚೆನ್ನಾಗಿ ಅನ್ವಯಿಸುತ್ತದೆ.

ಮುಟ್ಟಿದರೆ ಜುಮ್ ಅನ್ನುವುದೇಕೆ?

ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರಿನ ಮೈ ಮುಟ್ಟಿದಾಗ ಸಣ್ಣಗೆ ಜುಮ್ ಎನ್ನುವುದು ಅನೇಕರ ಅನುಭವ. ವೈ ಕೆಪಾಸಿಟರ್ ಗದ್ದಲವನ್ನು ಅರ್ಥಿಂಗಿಗೆ ಇಳಿಸಲೆಂದು ಇಟ್ಟದ್ದು. 2.2 ನ್ಯಾನೋಫ್ಯಾರಡ್‌ನ ಒಂದು ವೈ ಕೆಪಾಸಿಟರ್ 230 ವೋಲ್ಟಿನಲ್ಲಿ ಸುಮಾರು 0.16 ಮಿಲಿಆಂಪಿಯರ್ ಬಿಡುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದವರ ಮೈಯಿಂದ ಹೋಗುತ್ತದೆ. ಇಷ್ಟರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ಅರ್ಥಿಂಗ್ ಇಲ್ಲವೆಂಬ ಸೂಚನೆಯನ್ನು ಅದು ಸ್ಪಷ್ಟವಾಗಿ ಕೊಡುತ್ತದೆ. ನಾಳೆ ಅದೇ ಮನೆಯ ಫ್ರಿಜ್ ಅಥವಾ ನೀರಿನ ಮೋಟರ್ ಕೆಟ್ಟರೆ ಅಪಾಯ ತಪ್ಪದು. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುವುದರಿಂದ ಗುಂಡಿಗೆ ನೀರು ಹಾಕುವ ಹಳೆಯ ರೂಢಿ ಬಿಡಬಾರದು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿ ಮುರಿದು ಹಾಕುವುದೂ ಸರಿಯಲ್ಲ.

ಹೊಲದಲ್ಲಿ

ಸೋಲಾರ್ ಪಂಪಿನ ಕಂಟ್ರೋಲರ್ ಪ್ಯಾನೆಲಿನ ಡಿಸಿಯನ್ನು ಕತ್ತರಿಸಿ ಮೋಟರಿಗೆ ಬೇಕಾದ ಮೂರು ಫೇಸ್ ಮಾಡಿಕೊಡುತ್ತದೆ. ಕಂಟ್ರೋಲರಿನಿಂದ ಬೋರಿನೊಳಗಿನ ಮೋಟರಿನವರೆಗಿನ ಉದ್ದ ಕೇಬಲ್ಲೇ ಏರಿಯಲ್ ಆಗುತ್ತದೆ. ಕಂಟ್ರೋಲರನ್ನು ಬೋರಿನ ಹತ್ತಿರ ಇಡುವುದು, ಮೂರೂ ಎಳೆಗಳನ್ನು ಅರ್ಥಿಂಗ್ ತಂತಿಯೊಡನೆ ಕೂಡಿಸಿಯೇ ಒಯ್ಯುವುದು, ಕಂಟ್ರೋಲರಿನ ಮೈಗೆ ಸರಿಯಾದ ಅರ್ಥಿಂಗ್ ಕೊಡುವುದು ಇದಕ್ಕೆ ಪರಿಹಾರ. ಪ್ಯಾನೆಲಿನ ಕಡೆಯ ತಂತಿಗಳನ್ನು ಬಿಸಿಲಿನಲ್ಲಿ ಬಿಚ್ಚಬಾರದು. ಡಿಸಿಯ ಕಿಡಿ ಒಮ್ಮೆ ಹತ್ತಿದರೆ ಸುಲಭವಾಗಿ ಆರುವುದಿಲ್ಲ.

ಝಟಕಾ ಮಷೀನಿನ ಟಕ್ ಟಕ್ ಹೆಚ್ಚಾದರೆ ಬೇಲಿಗೆ ಹುಲ್ಲು ತಾಕಿ ಅಲ್ಲಿ ಕಿಡಿ ಹಾರುತ್ತಿದೆ ಎಂದು ತಿಳಿಯಬೇಕು. ಹುಲ್ಲು ಕೊಯ್ದು ತಂತಿಯ ಗಂಟು ಬಿಗಿಮಾಡಿದರೆ ಬೇಲಿಯೂ ಸರಿಯಾಗುತ್ತದೆ, ರೇಡಿಯೋವೂ ಸರಿಯಾಗುತ್ತದೆ. ಮಷೀನ್ ಬಿಟ್ಟು ನೇರ 230 ವೋಲ್ಟನ್ನು ಬೇಲಿಗೆ ಬಿಡುವುದು ಮಾತ್ರ ಅಪರಾಧ, ಜನ-ದನ ಸಾಯುವ ಕೆಲಸ.

ಲೈಟ್ ಬಿಲ್ಲಿಗೂ ಸಂಬಂಧವಿದೆಯೇ?

ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂಬತ್ತು ಎಲೆಕ್ಟ್ರಾನಿಕ್ ಮೀಟರ್ ಜೋಡಿಸಿ, ಡಿಮ್ಮರ್ ಕೂಡಿಸಿದ ಎಲ್‌ಇಡಿ ಮತ್ತು ಸಿಎಫ್‌ಎಲ್ ದೀಪಗಳನ್ನು ಉರಿಸಿದರು. ಐದು ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸಿದವು. ಅತಿ ಹೆಚ್ಚಿನ ತಪ್ಪು ಶೇ. 582ರಷ್ಟಿತ್ತು. ಎರಡು ಮೀಟರ್ ಕಡಿಮೆ ತೋರಿಸಿದವು. ತಂತಿಯ ಗದ್ದಲ ಮೀಟರಿನೊಳಗಿನ ಅಳತೆಯ ಭಾಗವನ್ನೇ ಮೋಸಗೊಳಿಸಿತ್ತು.

ಇದನ್ನೋದಿ ಬಿಲ್ ಹೆಚ್ಚಾದದ್ದೆಲ್ಲ ಮೀಟರಿನ ತಪ್ಪು ಎನ್ನುವಂತಿಲ್ಲ. ಆ ಪರೀಕ್ಷೆಯ ದೀಪಗಳ ಜೋಡಣೆ ಸಾಮಾನ್ಯ ಮನೆಯಲ್ಲಿ ಇರುವಂಥದ್ದಲ್ಲ, ಆ ಮೀಟರ್‌ಗಳೂ ಬೇರೆ ದೇಶದವು. ಆದರೆ ಮಹಾರಾಷ್ಟ್ರದಲ್ಲೂ ಸ್ಮಾರ್ಟ್ ಮೀಟರ್ ಬರುತ್ತಿರುವ ಈ ಹೊತ್ತಿನಲ್ಲಿ ಒಂದು ಪಾಠವಿದೆ. ಬಿಲ್ ಏಕಾಏಕಿ ಏರಿದರೆ, ಅದೇ ಹೊತ್ತಿಗೆ ಮನೆಗೆ ಯಾವ ಹೊಸ ಉಪಕರಣ ಬಂತು ಎಂದು ನೋಡಬೇಕು. ಒಂದು ದಿನ ಅದನ್ನು ಕಿತ್ತಿಟ್ಟು, ಇನ್ನೊಂದು ದಿನ ಹಾಕಿ, ಮೀಟರ್ ಅಂಕಿ ಬರೆದಿಡಬೇಕು. ಲೆಕ್ಕ ಕೂಡದಿದ್ದರೆ ಶುಲ್ಕ ಕಟ್ಟಿ ಮೀಟರ್ ಪರೀಕ್ಷೆಗೆ ಅರ್ಜಿ ಕೊಡುವ ಹಕ್ಕು ಗ್ರಾಹಕರಿಗಿದೆ. ಬರೆದಿಟ್ಟ ಅಂಕಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಒಂದು ಟಿವಿ, ಇಡೀ ಹಳ್ಳಿ

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಆಬರ್‌ಹೋಸನ್ ಎಂಬ ಹಳ್ಳಿಯಲ್ಲಿ 18 ತಿಂಗಳ ಕಾಲ ದಿನಾ ಬೆಳಿಗ್ಗೆ 7 ಗಂಟೆಗೆ ಇಂಟರ್ನೆಟ್ ಕೈಕೊಡುತ್ತಿತ್ತು. ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಇಂಜಿನಿಯರುಗಳು ಅಳತೆಯ ಯಂತ್ರ ಹಿಡಿದು ಬೆಳಿಗ್ಗೆ ಹಳ್ಳಿಯಲ್ಲಿ ಅಡ್ಡಾಡಿದಾಗ, ಸರಿಯಾಗಿ 7ಕ್ಕೆ ಒಂದು ಮನೆಯಿಂದ ಭಾರಿ ಗದ್ದಲ ಹೊರಟಿತು. ಮನೆಯವರು ಎದ್ದ ಕೂಡಲೇ ಹಚ್ಚುತ್ತಿದ್ದ ಹಳೆಯ ಟಿವಿಯೇ ಅದು. ವಿಷಯ ತಿಳಿದು ನಾಚಿದ ಮನೆಯವರು ಇನ್ನು ಅದನ್ನು ಹಚ್ಚುವುದಿಲ್ಲವೆಂದು ಒಪ್ಪಿದರು. 2020ರ ಸೆಪ್ಟೆಂಬರಿನಲ್ಲಿ ಈ ಸುದ್ದಿ ಜಗತ್ತಿನಾದ್ಯಂತ ಓಡಾಡಿತು. ಅಲ್ಲಿನ ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದುದರಿಂದ ಹೀಗಾಯಿತು, ಗಾಜಿನ ಫೈಬರ್ ತಂತಿಗೆ ಈ ಗದ್ದಲ ತಟ್ಟುವುದಿಲ್ಲ.

ಆ ಹಳ್ಳಿಯಲ್ಲಿ ಯಾರೂ ಕೆಟ್ಟವರಿರಲಿಲ್ಲ, ಟಿವಿ ಹಚ್ಚಿದವರಿಗೆ ತಮ್ಮಿಂದ ಊರಿಗೆ ತೊಂದರೆ ಎಂದು ಗೊತ್ತೇ ಇರಲಿಲ್ಲ. ನಮ್ಮ ಓಣಿಗಳಲ್ಲೂ ಮಾತು ಇಷ್ಟೇ. ನೆರೆಮನೆಯ ಉಪಕರಣದ ಮೇಲೆ ಸಂಶಯ ಬಂದರೆ ಜಗಳಕ್ಕೆ ಹೋಗದೆ, ಸೆಲ್ ರೇಡಿಯೋ ಅವರ ಕೈಗೇ ಕೊಟ್ಟು, ಅವರೇ ಪ್ಲಗ್ ಹಾಕಿ ತೆಗೆದು ಕೇಳುವಂತೆ ಮಾಡುವುದು ಒಳ್ಳೆಯದು. ಹೊಸ ಬಲ್ಬು, ಚಾರ್ಜರ್ ಕೊಳ್ಳುವಾಗ ಐಎಸ್‌ಐ ಅಥವಾ ಬಿಐಎಸ್ ನೋಂದಣಿ ಗುರುತು ನೋಡಬೇಕು. ಆ ಗುರುತು ಮುಖ್ಯವಾಗಿ ಸುರಕ್ಷತೆಗೆ ಸಂಬಂಧಿಸಿದ್ದರಿಂದ, ಸಾಧ್ಯವಾದರೆ ಅಂಗಡಿಯಲ್ಲೇ ಮೀಡಿಯಂ ವೇವ್ ರೇಡಿಯೋ ಹತ್ತಿರ ಹಿಡಿದು ಒಮ್ಮೆ ಹಚ್ಚಿ ನೋಡುವುದು ಇನ್ನೂ ಲೇಸು.